ಮನೆಯ ಬೆಲೆ 70 ಲಕ್ಷ, ಕೈಯಲ್ಲಿ ಬೇಕಾದದ್ದೆಷ್ಟು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಮುಂಬಯಿ, ಠಾಣೆಯ ಕಡೆ ಫ್ಲ್ಯಾಟು ಕೊಂಡವರಲ್ಲ. ಕೊಂಡಿದ್ದರೆ ಆ ಗಾದೆಗೆ ‘ಸ್ಟ್ಯಾಂಪ್ ಡ್ಯೂಟಿ ಕಟ್ಟಿ ನೋಡು’ ಎಂದು ಇನ್ನೊಂದು ಮಾತನ್ನೂ ಖಂಡಿತ ಸೇರಿಸುತ್ತಿದ್ದರು. ಊರಿನಲ್ಲಿ ಮನೆಯೆಂದರೆ ಕಲ್ಲು, ಮರ, ಹಂಚಿನ ಲೆಕ್ಕ. ಇಲ್ಲಿ ಮನೆಯೆಂದರೆ ಕಾಗದದ ಲೆಕ್ಕ. ಗೋಡೆ ಏಳುವ ಮೊದಲೇ ದುಡ್ಡು ಕರಗತೊಡಗುತ್ತದೆ.

ಓದುಗ ಬಂಧುಗಳೇ, ನಾನು ವಕೀಲಳೂ ಅಲ್ಲ, ಲೆಕ್ಕಪತ್ರದ ಪರಿಣತಳೂ ಅಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ, ಕುಂದಾಪುರದ ಕಡೆಯಿಂದ ಈ ಊರಿಗೆ ಬಂದು, ಮೂವತ್ತು ವರ್ಷಗಳಿಂದ ಹಾಲು, ತರಕಾರಿ, ಶಾಲೆಯ ಫೀಸಿನ ಲೆಕ್ಕ ಬರೆದುಕೊಂಡು ಬಂದ ಗೃಹಿಣಿ. ಮಗ ಮತ್ತು ಸೊಸೆ ಠಾಣೆಯಲ್ಲಿ ತಮ್ಮ ಮೊದಲ ಮನೆಯನ್ನು ಕೊಂಡಾಗ ಅದೇ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ನಾನು ಬರೆದಿಟ್ಟದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನಮ್ಮ ಬಳಗದಲ್ಲಿ ಈಗ ಮನೆ ಹುಡುಕುತ್ತಿರುವ ಮಕ್ಕಳು ಬಹಳ ಜನ ಇದ್ದಾರೆ. ನಾವು ಎಡವಿದ ಕಲ್ಲಿಗೆ ಅವರೂ ಎಡವುವುದು ಬೇಡ.

2024ರ ದೀಪಾವಳಿಯ ಮರುವಾರ. ಭಾನುವಾರ ಸಂಜೆ ಇಬ್ಬರೂ ಮನೆಗೆ ಬಂದರು. ಮದುವೆಯಾಗಿ ನಾಲ್ಕು ವರ್ಷಗಳಲ್ಲಿ ಎರಡು ಬಾಡಿಗೆ ಮನೆ ಬದಲಾಯಿಸಿದ್ದರು. ಹನ್ನೊಂದು ತಿಂಗಳ ಕರಾರು ಮುಗಿಯುತ್ತಾ ಬಂದರೆ ಸೊಸೆಗೆ ನಿದ್ದೆ ಬರುತ್ತಿರಲಿಲ್ಲ. ಅಂದು ಮಗನ ಮುಖ ಅರಳಿತ್ತು.

“ಅಮ್ಮ, ಘೋಡ್‌ಬಂದರ್ ರಸ್ತೆಯಲ್ಲಿ ಒಂದು ಬಿ.ಎಚ್.ಕೆ. ನೋಡಿದ್ದೇವೆ. ಕಟ್ಟಡ ಇನ್ನೂ ಏಳುತ್ತಿದೆ. 70 ಲಕ್ಷ. ಬ್ಯಾಂಕು 56 ಲಕ್ಷ ಕೊಡುತ್ತದೆ, 14 ಲಕ್ಷ ನಮ್ಮದು. ನಮ್ಮ ಹತ್ತಿರ 15 ಇದೆ. ಟೋಕನ್ ಅಂತ ಒಂದು ಲಕ್ಷ ಕೊಟ್ಟೂ ಆಯಿತು” ಎಂದ.

ಇವರು ಬೆನ್ನು ತಟ್ಟಿದರು. ನಾನು ಕಾಫಿ ಕೊಟ್ಟೆ. ಬಿಲ್ಡರನ ಆಫೀಸಿನಲ್ಲಿ ಕೊಟ್ಟ ಬಣ್ಣದ ಪುಸ್ತಕದ ಕೊನೆಯಲ್ಲಿ ‘ಸರ್ಕಾರಿ ತೆರಿಗೆ ಮತ್ತು ಇತರ ವೆಚ್ಚಗಳು ಪ್ರತ್ಯೇಕ’ ಎಂಬ ಸಣ್ಣ ಅಕ್ಷರದ ಸಾಲೊಂದಿತ್ತು. ಆ ‘ಪ್ರತ್ಯೇಕ’ ಎಷ್ಟು ಎಂದು ನಾನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಬೆಲೆಯ ಬೆನ್ನಿಗೆ ಬರುವ ಖರ್ಚು

ಆ ರಾತ್ರಿ ಮತ್ತು ಮರುದಿನ ಕೇಳಿ, ಓದಿ ತಿಳಿದದ್ದು ಇಷ್ಟು.

ಮೊದಲನೆಯದು ಸ್ಟ್ಯಾಂಪ್ ಡ್ಯೂಟಿ. ಮಹಾರಾಷ್ಟ್ರದಲ್ಲಿ ಇದರ ಮೂಲ ದರ ಶೇ. 5. ಅದರ ಮೇಲೆ ಮುಂಬಯಿ ನಗರದಲ್ಲಿ ಮೆಟ್ರೋ ಸೆಸ್ ಶೇ. 1 ಸೇರಿ ಒಟ್ಟು ಶೇ. 6 ಆಗುತ್ತದೆ. ಠಾಣೆ, ಪುಣೆಗಳಲ್ಲಿ ಸ್ಥಳೀಯ ಸಂಸ್ಥೆಯ ಶೇ. 1 ಕೂಡ ಸೇರಿ ಶೇ. 7. ಎಂದರೆ 70 ಲಕ್ಷದ ಮೇಲೆ 4,90,000 ರೂಪಾಯಿ. ಇನ್ನೊಂದು ಮಾತು: ಈ ಸುಂಕ ನೀವು ಕೊಡುವ ಬೆಲೆಯ ಮೇಲೆಯೇ ಬೀಳುತ್ತದೆಂದಲ್ಲ. ಸರ್ಕಾರ ಪ್ರತಿಯೊಂದು ಪ್ರದೇಶಕ್ಕೂ ‘ರೆಡಿ ರೆಕನರ್’ ಎಂಬ ದರ ನಿಗದಿ ಮಾಡಿದೆ. ನಿಮ್ಮ ಬೆಲೆ ಮತ್ತು ಆ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ.

ಎರಡನೆಯದು ರಿಜಿಸ್ಟ್ರೇಷನ್ ಶುಲ್ಕ. ಬೆಲೆಯ ಶೇ. 1, ಆದರೆ 30,000 ರೂಪಾಯಿಗಿಂತ ಹೆಚ್ಚಿಲ್ಲ. ನಮ್ಮದು 30 ಲಕ್ಷ ದಾಟಿದ ಮನೆಯಾದ್ದರಿಂದ 30,000.

ಮೂರನೆಯದು ಜಿ.ಎಸ್.ಟಿ. ಕಟ್ಟುತ್ತಿರುವ ಮನೆಗೆ ಶೇ. 5, ನಮಗೆ 3,50,000. ಬೆಲೆ 45 ಲಕ್ಷದೊಳಗಿದ್ದು, ಮುಂಬಯಿಯಂತಹ ಮಹಾನಗರ ಪ್ರದೇಶದಲ್ಲಿ ಕಾರ್ಪೆಟ್ ಏರಿಯಾ 60 ಚದರ ಮೀಟರಿನೊಳಗಿದ್ದರೆ ಶೇ. 1 ಮಾತ್ರ. 2019ರ ಏಪ್ರಿಲ್‌ನಿಂದ ಈ ಪದ್ಧತಿ ಇದೆ. ಕಟ್ಟಡ ಪೂರ್ತಿಯಾದ ಸರ್ಟಿಫಿಕೇಟು ಬಂದ ನಂತರ ಕೊಂಡರೆ ಜಿ.ಎಸ್.ಟಿ. ಇಲ್ಲವೇ ಇಲ್ಲ. ಹಳೆಯ ಮನೆ ಕೊಂಡರೂ ಇಲ್ಲ. ‘ತಯಾರಾದ ಮನೆ ದುಬಾರಿ’ ಎಂದು ಮೂಗು ಮುರಿಯುವವರು ಈ ಮೂರೂವರೆ ಲಕ್ಷವನ್ನೂ ತಕ್ಕಡಿಯಲ್ಲಿಡಬೇಕು. ಮನೆ ತಯಾರಾಗುವವರೆಗೆ ಕಟ್ಟಬೇಕಾದ ಬಾಡಿಗೆಯನ್ನೂ ಇಡಬೇಕು.

ಈ ಮೂರನ್ನು ಕೂಡಿಸಿದರೆ 8,70,000. ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಸೊಸೈಟಿ ಸ್ಥಾಪನೆಯ ಖರ್ಚು, ಎರಡು ವರ್ಷದ ಮೇಂಟೆನೆನ್ಸ್ ಮುಂಗಡ ಇತ್ಯಾದಿ ಸೇರಿ ನಮಗೆ ಇನ್ನೂ ಒಂದೂವರೆ ಲಕ್ಷದ ಮೇಲಾಯಿತು. ಒಟ್ಟಿನಲ್ಲಿ 14 ಲಕ್ಷ ಸಾಕೆಂದುಕೊಂಡಿದ್ದ ಕಡೆ 24 ಲಕ್ಷಕ್ಕೂ ಹೆಚ್ಚು ಬೇಕು! ಕೈಯಲ್ಲಿದ್ದದ್ದು 15. ಮಗನ ಮುಖದ ಅರಳು ಬಾಡಿತು. ಸೊಸೆ ಮಾತನಾಡದೆ ಕಪ್ಪುಗಳನ್ನು ತೊಳೆಯಲು ಎದ್ದಳು.

ಇಲ್ಲಿ ಒಂದು ಸಮಾಧಾನವನ್ನೂ ಹೇಳಬೇಕು. ಎಲ್ಲವೂ ಒಂದೇ ದಿನ ಕಟ್ಟುವುದಲ್ಲ. ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಶುಲ್ಕಗಳನ್ನು ಅಗ್ರಿಮೆಂಟ್ ರಿಜಿಸ್ಟರ್ ಮಾಡುವ ಹೊತ್ತಿಗೇ ಕಟ್ಟಬೇಕು, ಅದಕ್ಕೆ ಕಂತಿಲ್ಲ. ಜಿ.ಎಸ್.ಟಿ. ಮಾತ್ರ ಕಟ್ಟಡ ಏರಿದಂತೆ ಬಿಲ್ಡರ್ ಕೇಳುವ ಪ್ರತಿಯೊಂದು ಕಂತಿನ ಜೊತೆ ಸ್ವಲ್ಪಸ್ವಲ್ಪವಾಗಿ ಬರುತ್ತದೆ. ಮೇಂಟೆನೆನ್ಸ್ ಮುಂಗಡ ಕೀಲಿಕೈ ಸಿಗುವಾಗ. ಹಾಗಾಗಿ ‘ಎಷ್ಟು’ ಎಂಬುದರ ಜೊತೆಗೆ ‘ಯಾವಾಗ’ ಎಂಬುದನ್ನೂ ಬರೆದುಕೊಳ್ಳಿ. ನಾನು ಒಂದು ಪುಟದಲ್ಲಿ ತಿಂಗಳುಗಳನ್ನು ಬರೆದು, ಎದುರಿಗೆ ಮೊತ್ತ ಬರೆದ ಮೇಲೆಯೇ ಮಕ್ಕಳಿಗೆ ಉಸಿರು ಬಂದದ್ದು.

50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಮನೆಗೆ ಇನ್ನೊಂದು ಜವಾಬ್ದಾರಿ ಇದೆ. ಮಾರುವವನಿಗೆ ಕೊಡುವ ಹಣದಲ್ಲಿ ಶೇ. 1ನ್ನು ಹಿಡಿದು, ಆದಾಯ ತೆರಿಗೆ ಇಲಾಖೆಗೆ ನಾವೇ ಕಟ್ಟಬೇಕು. ಇದು ಹೆಚ್ಚಿನ ಖರ್ಚಲ್ಲ, ಬೆಲೆಯೊಳಗಿನದ್ದೇ. ಆದರೆ ಮರೆತರೆ ಬಡ್ಡಿ, ದಂಡ ಬೀಳುವುದು ಕೊಂಡವರಿಗೆ!

ಬ್ಯಾಂಕು ಕೊಡುವುದೆಷ್ಟು?

‘ಬ್ಯಾಂಕು 90 ಪರ್ಸೆಂಟ್ ಕೊಡುತ್ತದೆ’ ಎಂದು ಹೇಳುವವರು ಬಹಳ. ಸಾಲ 30 ಲಕ್ಷದವರೆಗಿದ್ದರೆ ಮಾತ್ರ ಆ ಮಾತು ಸರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ. 80, ಅದಕ್ಕಿಂತ ಹೆಚ್ಚಿನದಕ್ಕೆ ಶೇ. 75, ಇದೇ ಗರಿಷ್ಠ ಮಿತಿ. ಈ ‘ಬೆಲೆ’ಯಲ್ಲಿ ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಸೇರುವುದಿಲ್ಲ. ಹತ್ತು ಲಕ್ಷದೊಳಗಿನ ಮನೆಗೆ ಮಾತ್ರ ರಿಯಾಯಿತಿಯಿದೆ. ಆದರೆ ಆ ಬೆಲೆಗೆ ಇಲ್ಲಿ ಮನೆಯೆಲ್ಲಿ? ಜಿ.ಎಸ್.ಟಿ.ಯನ್ನು ಕೆಲವರು ಸೇರಿಸಿಕೊಳ್ಳುತ್ತಾರೆ, ಕೆಲವರು ಇಲ್ಲ. ನಮ್ಮ ಬ್ಯಾಂಕು ಸೇರಿಸಿಕೊಳ್ಳಲಿಲ್ಲ. ಟೋಕನ್ ಕೊಡುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು.

ಕಂತಿನ ಲೆಕ್ಕವನ್ನೂ ನೋಡಿ. 56 ಲಕ್ಷಕ್ಕೆ ಶೇ. 8.5ರ ಬಡ್ಡಿ, 20 ವರ್ಷ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 48,600 ರೂಪಾಯಿ. 240 ತಿಂಗಳು ಕಟ್ಟಿ ಮುಗಿಸುವಾಗ ಒಟ್ಟು 1 ಕೋಟಿ 16 ಲಕ್ಷ ದಾಟುತ್ತದೆ. ಅಸಲಿಗಿಂತ ಬಡ್ಡಿಯೇ ಹೆಚ್ಚು! ಹೆದರಿಸಲು ಹೇಳುತ್ತಿಲ್ಲ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಬೋನಸ್ಸು ಬಂದಾಗ ಸ್ವಲ್ಪಸ್ವಲ್ಪ ಅಸಲಿಗೆ ಕಟ್ಟುತ್ತಾ ಬಂದರೆ ವರ್ಷಗಳೇ ಇಳಿಯುತ್ತವೆ. ಸಾಲ ತೀರಿದ ಮೇಲೆ 30 ದಿನದೊಳಗೆ ಮನೆಯ ಮೂಲ ಕಾಗದಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರಿನಿಂದ ಬಂದಿದೆ.

ಯಾರ ಹೆಸರಿನಲ್ಲಿ?

ಈಗ ನಮ್ಮ ಮನೆಯಲ್ಲಿ ಎರಡು ದಿನ ಮಾತು ಬಿಡಿಸಿದ ವಿಷಯಕ್ಕೆ ಬರುತ್ತೇನೆ.

ಮಹಾರಾಷ್ಟ್ರ ಸರ್ಕಾರ 2021ರ ಏಪ್ರಿಲ್ 1ರಿಂದ, ವಾಸದ ಮನೆಯನ್ನು ಹೆಂಗಸರ ಹೆಸರಿನಲ್ಲೇ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ. 1 ರಿಯಾಯಿತಿ ಕೊಡುತ್ತಿದೆ. ನಮ್ಮ ಲೆಕ್ಕದಲ್ಲಿ 70,000 ರೂಪಾಯಿ. ಆದರೆ ಗಂಡಸಿನ ಹೆಸರು ಜೊತೆಯಲ್ಲಿದ್ದರೆ ರಿಯಾಯಿತಿ ಇಲ್ಲ, ಕೊಳ್ಳುವವರೆಲ್ಲರೂ ಹೆಂಗಸರೇ ಆಗಿರಬೇಕು. ಮೊದಲು ಹದಿನೈದು ವರ್ಷ ಗಂಡಸರಿಗೆ ಮಾರಬಾರದು ಎಂಬ ಷರತ್ತಿತ್ತು. 2023ರಲ್ಲಿ ಅದನ್ನು ತೆಗೆದುಹಾಕಿದರು.

ಸೊಸೆ ಕೆಲಸದಲ್ಲಿದ್ದಾಳೆ. ಮಗನ ಸಂಬಳ ಹೆಚ್ಚು. ಸಾಲಕ್ಕೆ ಇಬ್ಬರೂ ಸಹಿ ಹಾಕಿ, ಮನೆ ಅವಳೊಬ್ಬಳ ಹೆಸರಿನಲ್ಲಿರಲು ನಮ್ಮ ಬ್ಯಾಂಕಿನ ಅಭ್ಯಂತರವಿರಲಿಲ್ಲ. ತೆರಿಗೆಯ ಲೆಕ್ಕ ಮಾತ್ರ ನೋಡಬೇಕಿತ್ತು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ನಾವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಸಿಗುತ್ತದೆ. ಅಸಲು ಮತ್ತು ಸ್ಟ್ಯಾಂಪ್ ಡ್ಯೂಟಿಗೆ, ವಿಮೆ, ಪಿ.ಎಫ್. ಮುಂತಾದವುಗಳ ಜೊತೆ ಸೇರಿ, ಒಂದೂವರೆ ಲಕ್ಷದವರೆಗೆ. ಆದರೆ ಮನೆಯ ಒಡೆತನವೂ ಇದ್ದು ಸಾಲವೂ ಇದ್ದವರಿಗೆ ಮಾತ್ರ ಇದು ಸಲ್ಲುತ್ತದೆ. ಮಗನ ಹೆಸರು ಮನೆಯಲ್ಲಿ ಇಲ್ಲದಿದ್ದರೆ ಅವನಿಗೆ ಇಲ್ಲ. ಅವನು ಹೊಸ ಪದ್ಧತಿಯಲ್ಲಿದ್ದಾನೆ. ಅದರಲ್ಲಿ ಸ್ವಂತ ವಾಸದ ಮನೆಗೆ ಈ ವಿನಾಯಿತಿ ಹೇಗೂ ಇಲ್ಲವಾದ್ದರಿಂದ ನಮಗೆ ನಷ್ಟವಿರಲಿಲ್ಲ. ನೀವು ಹಳೆಯ ಪದ್ಧತಿಯಲ್ಲಿದ್ದರೆ, ಅಥವಾ ಮನೆಯನ್ನು ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಮೊದಲು ಸಿ.ಎ. ಒಬ್ಬರನ್ನು ಕೇಳಿ.

ಲೆಕ್ಕ ಸರಿಯಾಯಿತು. ಮನಸ್ಸು ಸರಿಯಾಗಲಿಲ್ಲ. ಕೊರತೆ ತುಂಬಲು ನಮ್ಮವರು ತಮ್ಮ ನಿವೃತ್ತಿಯ ಫಿಕ್ಸೆಡ್ ಡಿಪಾಸಿಟ್‌ನಿಂದ ಐದು ಲಕ್ಷ ಕೊಡುವುದೆಂದಾಗಿತ್ತು.

“ದುಡ್ಡು ನಮ್ಮದು, ಸಂಬಳ ಮಗನದು, ಹೆಸರು ಮಾತ್ರ ಸೊಸೆಯದೇ?” ಎಂದರು.

ಸೊಸೆ ಒಳಗೆ ಬಂದು ಮೆಲ್ಲಗೆ, “ಅತ್ತೆ, 70 ಸಾವಿರಕ್ಕೋಸ್ಕರ ಮಾವನಿಗೆ ಬೇಸರ ಆಗುವುದು ಬೇಡ. ಇಬ್ಬರ ಹೆಸರೂ ಇರಲಿ” ಎಂದಳು.

ಆಗ ನಾನು ಇವರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಿದೆ. ನಾವು ಡೊಂಬಿವಲಿಯಲ್ಲಿ ಈಗಿರುವ ಮನೆಯನ್ನು ಕೊಂಡದ್ದು 2001ರಲ್ಲಿ. ಕಡಿಮೆ ಬಿದ್ದದ್ದಕ್ಕೆ ನನ್ನ ತವರಿನಿಂದ ಬಂದ ನಾಲ್ಕು ಬಳೆ ಮತ್ತು ಅವಲಕ್ಕಿ ಸರ ಹೋದವು. ಕೊಟ್ಟೆನೆಂದು ನನಗೆ ಇವತ್ತಿಗೂ ದುಃಖವಿಲ್ಲ. ಆದರೆ ಕಾಗದದಲ್ಲಿ ನನ್ನ ಹೆಸರು ಬರಬೇಕೆಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಕೆಲವು ವರ್ಷಗಳ ನಂತರ ಇವರು ಊರಿಗೆ ಹೋಗಿದ್ದಾಗ ಸೊಸೈಟಿಯ ವಾರ್ಷಿಕ ಸಭೆಗೆ ನಾನು ಹೋದೆ. ಮಳೆಗಾಲದಲ್ಲಿ ನಮ್ಮ ಅಡಿಗೆಮನೆಯ ಗೋಡೆ ಸೋರುತ್ತಿದ್ದುದನ್ನು ಹೇಳಲು ಎದ್ದು ನಿಂತೆ. ಕಾರ್ಯದರ್ಶಿಗಳು ಸೌಮ್ಯವಾಗಿಯೇ, “ತಾಯಿ, ನೀವು ಮೆಂಬರ್ ಅಲ್ಲವಲ್ಲ. ಕುಳಿತು ಕೇಳಬಹುದು” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಶೇರ್ ಸರ್ಟಿಫಿಕೇಟಿನಲ್ಲಿದ್ದದ್ದು ಒಂದೇ ಹೆಸರು. ನಾನು ಕುಳಿತೆ. ದಿನಾ ಒರೆಸುವ ಗೋಡೆಯ ಬಗ್ಗೆ ಬಾಯಿ ತೆರೆಯುವ ಹಕ್ಕು ನನಗಿಲ್ಲ ಎಂಬುದು ಅಂದು ತಿಳಿಯಿತು.

ಅಂದು ಮನೆಗೆ ಬಂದು ಇವರಿಗೆ ಹೇಳಿರಲಿಲ್ಲ. ಹೇಳಿದ್ದು ಈಗಲೇ. ಇವರು ಏನೂ ಉತ್ತರ ಕೊಡದೆ ಪೇಪರು ಹಿಡಿದು ಕುಳಿತರು. ಎರಡು ದಿನ ಕಳೆದು ಬುಧವಾರ ಬೆಳಿಗ್ಗೆ ಮಗನಿಗೆ ತಾವೇ ಫೋನು ಮಾಡಿ, “ಅವಳ ಹೆಸರಿನಲ್ಲೇ ಮಾಡಿಸು” ಎಂದರು. ಹಾಗೆಯೇ ಆಯಿತು.

ಎಲ್ಲರೂ ಹೀಗೆಯೇ ಮಾಡಿ ಎಂದು ನಾನು ಹೇಳುವುದಿಲ್ಲ. ಜಂಟಿ ಹೆಸರಿನಲ್ಲಿ ಮಾಡುವುದಕ್ಕೂ ಒಳ್ಳೆಯ ಕಾರಣಗಳಿವೆ. ಆದರೆ ಹೆಸರಿನ ವಿಷಯವನ್ನು ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕುಳಿತು ತೀರ್ಮಾನಿಸಬೇಡಿ. ಮನೆಯಲ್ಲಿ ಕುಳಿತು, ಎಲ್ಲರೂ ಬಾಯಿ ಬಿಟ್ಟು ಮಾತಾಡಿ ತೀರ್ಮಾನಿಸಿ.

ಸಹಾಯ ಎಲ್ಲಿದೆ?

ಸರ್ಕಾರದಿಂದ ಮೊದಲ ಮನೆಗೆ ನೆರವು ಇದೆಯೇ ಎಂದರೆ, ಇದೆ. ಆದರೆ ಬಾಗಿಲು ಸಣ್ಣದು, ಒಳಗೆ ಹೋಗಲು ಕಾಗದಗಳು ಕೈಯಲ್ಲಿರಬೇಕು.

ಮೊದಲು ಪ್ರಧಾನಮಂತ್ರಿ ಆವಾಸ್ ಯೋಜನೆ. ಹಳೆಯ ಯೋಜನೆಯಲ್ಲಿ ‘2 ಲಕ್ಷ 67 ಸಾವಿರ ಸಬ್ಸಿಡಿ’ ಎಂದು ಜಾಹೀರಾತುಗಳಲ್ಲಿ ನೀವೂ ನೋಡಿರಬಹುದು. ಆ ಬಡ್ಡಿ ಸಬ್ಸಿಡಿ ಮಧ್ಯಮ ವರ್ಗಕ್ಕೆ 2021ರ ಮಾರ್ಚಿನಲ್ಲಿ, ಉಳಿದವರಿಗೆ 2022ರ ಮಾರ್ಚಿನಲ್ಲಿ ಮುಗಿಯಿತು. ಇವತ್ತೂ ಯಾರಾದರೂ ಆ ಮೊತ್ತವನ್ನು ತೋರಿಸಿ ಮನೆ ಮಾರಲು ಬಂದರೆ ನಂಬಬೇಡಿ. ನಗರಗಳಿಗೆ ಎರಡನೆಯ ಹಂತದ ಯೋಜನೆ 2024ರ ಸೆಪ್ಟೆಂಬರ್ 1ರಿಂದ ಆರಂಭವಾಗಿದೆ. ಇದರ ಬಡ್ಡಿ ಸಬ್ಸಿಡಿಗೆ ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿರಬೇಕು, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ. ಸಾಲದ ಮೊದಲ 8 ಲಕ್ಷಕ್ಕೆ ಶೇ. 4ರ ಸಬ್ಸಿಡಿ, ಒಟ್ಟು 1,80,000 ರೂಪಾಯಿಯವರೆಗೆ, ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. 35 ಲಕ್ಷಕ್ಕೆ ಮುಂಬಯಿಯಲ್ಲಿ ಮನೆ ಸಿಗುವುದು ಕಷ್ಟ. ಬದಲಾಪುರ, ಅಂಬರನಾಥ, ವಿರಾರ್ ಕಡೆ ಹುಡುಕುವವರು ಕೇಳಿ ನೋಡಬೇಕು.

ಇದರಲ್ಲಿ ನಮ್ಮಂಥವರು ಗಮನಿಸಬೇಕಾದ ಷರತ್ತೊಂದಿದೆ. ಭಾರತದಲ್ಲಿ ಎಲ್ಲಿಯೂ ಕುಟುಂಬದವರ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಊರಿನಲ್ಲಿ ತಂದೆಯ ಹೆಸರಿನಲ್ಲಿರುವ ಮನೆ ಮದುವೆಯಾದ ಮಗನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಪಾಲುಪಟ್ಟಿಯಾಗಿ ಮನೆ ಮಗನ ಹೆಸರಿಗೆ ಬಂದಿದ್ದರೆ ಮಾತು ಬೇರೆ. ಕೀಲಿ ಹಾಕಿ ಗೆದ್ದಲು ಹಿಡಿಯುತ್ತಿರುವ ಮನೆಯೂ ಕಾಗದದಲ್ಲಿ ಮನೆಯೇ. ಸುಳ್ಳು ಬರೆದು ಕೊಡಬೇಡಿ.

ಎರಡನೆಯದು ಮ್ಹಾಡಾ. 1977ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಗೃಹನಿರ್ಮಾಣ ಪ್ರಾಧಿಕಾರ. ಮುಂಬಯಿ, ಪುಣೆ ಪ್ರದೇಶಗಳಲ್ಲಿ ಗಂಡ ಹೆಂಡತಿಯರ ಒಟ್ಟು ವಾರ್ಷಿಕ ಆದಾಯ 6 ಲಕ್ಷದವರೆಗೆ ಅತ್ಯಲ್ಪ, 9 ಲಕ್ಷದವರೆಗೆ ಅಲ್ಪ, 12 ಲಕ್ಷದವರೆಗೆ ಮಧ್ಯಮ, ಅದರ ಮೇಲೆ ಉಚ್ಚ ಎಂದು ನಾಲ್ಕು ಗುಂಪು ಮಾಡಿ ಲಾಟರಿ ಎತ್ತುತ್ತಾರೆ. ಅದೃಷ್ಟದ ಬಾಗಿಲು ಎಷ್ಟು ಕಿರಿದು ನೋಡಿ: ಮುಂಬಯಿ ಮಂಡಳಿಯ 2023ರ ಲಾಟರಿಯಲ್ಲಿ 4,082 ಮನೆಗಳಿಗೆ ಸುಮಾರು 1,20,000 ಅರ್ಜಿ, 2024ರಲ್ಲಿ 2,030 ಮನೆಗಳಿಗೆ 1,13,000ಕ್ಕೂ ಹೆಚ್ಚು. ಹಾಗೆಂದು ಕೈಬಿಡಬೇಕಾಗಿಲ್ಲ. ಮನೆ ಬಾರದವರಿಗೆ ಡಿಪಾಸಿಟ್ ಹಿಂದೆ ಬರುತ್ತದೆ. ಠಾಣೆ, ಕಲ್ಯಾಣ, ವಿರಾರ್ ಕಡೆಯ ಮನೆಗಳು ಕೊಂಕಣ ಮಂಡಳಿಗೆ ಸೇರಿದವು. ವಿರಾರ್‌ನ ಬೋಳಿಂಜ್‌ನಲ್ಲಿ ಮಾರಾಟವಾಗದೆ ಉಳಿದ ಮನೆಗಳನ್ನು ಆ ಮಂಡಳಿ ಲಾಟರಿಯಿಲ್ಲದೆ, ಮೊದಲು ಬಂದವರಿಗೆ ಕೊಟ್ಟದ್ದೂ ಇದೆ. ನವಿ ಮುಂಬಯಿಯಲ್ಲಿ ಸಿಡ್ಕೊ ಇದೆ; 2024ರ ಅಕ್ಟೋಬರಿನಲ್ಲಿ ಅದು ತಳೋಜಾ, ಖಾರ್‌ಘರ್ ಮುಂತಾದ ಕಡೆ 26,000 ಮನೆಗಳ ಯೋಜನೆಯನ್ನು ಆರಂಭಿಸಿತು.

‘ಅದೆಲ್ಲ ಮರಾಠಿಯವರಿಗೆ, ನಮಗಲ್ಲ’ ಎಂದು ನಮ್ಮವರೇ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಇದು ತಪ್ಪು ತಿಳಿವಳಿಕೆ. ಕೇಳುವುದು ಮಾತೃಭಾಷೆಯನ್ನಲ್ಲ, ಡೊಮಿಸೈಲ್ ಸರ್ಟಿಫಿಕೇಟನ್ನು. ಮಹಾರಾಷ್ಟ್ರದಲ್ಲಿ ಹದಿನೈದು ವರ್ಷ ವಾಸವಿದ್ದವರಿಗೆ ತಹಶೀಲ್ದಾರರ ಕಚೇರಿಯ ಮೂಲಕ ಅದು ಸಿಗುತ್ತದೆ. ಶಾಲೆಯ ಲೀವಿಂಗ್ ಸರ್ಟಿಫಿಕೇಟು, ರೇಷನ್ ಕಾರ್ಡು, ವಿದ್ಯುತ್ ಬಿಲ್ಲುಗಳು ಆಧಾರ. ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದ ಸರ್ಟಿಫಿಕೇಟೂ ಇಲ್ಲಿ ವಾಸವಿದ್ದುದಕ್ಕೆ ಒಳ್ಳೆಯ ದಾಖಲೆಯೇ! 2018ರ ನಂತರ ಕೊಟ್ಟ, ಬಾರ್‌ಕೋಡ್ ಇರುವ ಸರ್ಟಿಫಿಕೇಟು ಬೇಕು. ಅರ್ಜಿ ಕಂಪ್ಯೂಟರಿನಲ್ಲೇ. 2023ರಿಂದ ಕಾಗದಗಳನ್ನು ಲಾಟರಿಯ ಮೊದಲೇ ಸಲ್ಲಿಸಬೇಕು. ಜಾಹೀರಾತು ಬಂದ ಮೇಲೆ ಡೊಮಿಸೈಲ್‌ಗೆ ಓಡಿದರೆ ದಿನ ಸಾಲದು. ನನ್ನ ಮಗ ಆ ವರ್ಷದ ಮುಂಬಯಿ ಲಾಟರಿಗೆ ಅರ್ಜಿ ಹಾಕಲಾಗದೆ ಹೋದದ್ದು ಇದೊಂದೇ ಕಾರಣಕ್ಕೆ. ಇಲ್ಲೇ ಹುಟ್ಟಿ, ಇಲ್ಲೇ ಓದಿದ ಹುಡುಗ, ಕಾಗದ ಮಾತ್ರ ಮಾಡಿಸಿಕೊಂಡಿರಲಿಲ್ಲ. ಇನ್ನೊಂದು ಎಚ್ಚರಿಕೆ: ಮ್ಹಾಡಾಕ್ಕೆ ಏಜೆಂಟರಿಲ್ಲ. ‘ಒಳಗೆ ಪರಿಚಯವಿದೆ, ಮನೆ ಕೊಡಿಸುತ್ತೇನೆ’ ಎಂದು ಬರುವವರಿಗೆ ಚಹಾ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.

ಅಗ್ರಿಮೆಂಟನ್ನು ಓದಿ

ಬಿ.ಎ.ಯಲ್ಲಿ ಷೇಕ್ಸ್‌ಪಿಯರನನ್ನು ಓದಿದವಳು ನಾನು. ಆದರೂ ಬಿಲ್ಡರ್ ಕೊಟ್ಟ ತೊಂಬತ್ತು ಪುಟದ ಅಗ್ರಿಮೆಂಟಿನ ಇಂಗ್ಲಿಷ್ ಮುಂದೆ ಷೇಕ್ಸ್‌ಪಿಯರ್ ಬಾಲಬೋಧೆ ಎನಿಸಿತು! ನಾಲ್ಕು ಮಧ್ಯಾಹ್ನ ಕುಳಿತು, ಪೆನ್ಸಿಲ್ ಹಿಡಿದು ಪೂರ್ತಿ ಓದಿದೆ. ವ್ಯರ್ಥವಾಗಲಿಲ್ಲ.

ರಿಜಿಸ್ಟರ್ ಮಾಡುವ ಮೊದಲು ಶೇ. 20 ಹಣ ಕೊಡಬೇಕೆಂದು ಬಿಲ್ಡರನ ಆಫೀಸಿನವರು ಮಗನಿಗೆ ಹೇಳಿದ್ದರು. 2016ರ ರೇರಾ ಕಾಯಿದೆಯ ಪ್ರಕಾರ, ಅಗ್ರಿಮೆಂಟ್ ಬರೆದು ರಿಜಿಸ್ಟರ್ ಮಾಡದೆ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ನಾನೂ ಸೊಸೆಯೂ ಹೋಗಿ ಕೇಳಿದೆವು. ಮೊದಲು ‘ಎಲ್ಲರೂ ಕೊಡುತ್ತಾರೆ ಆಂಟಿ’ ಎಂದರು. ಕಾಯಿದೆಯ 13ನೆಯ ಕಲಮನ್ನು ತೋರಿಸಿದ ಮೇಲೆ ಸುಮ್ಮನಾದರು. ಏಳು ಲಕ್ಷ ಕೊಟ್ಟೆವು, ರಿಜಿಸ್ಟರ್ ಆಯಿತು, ಆಮೇಲೆ ಉಳಿದದ್ದು.

ಈ ಕಾಯಿದೆ ಕೊಳ್ಳುವವರ ಕೈಗೆ ಕೊಟ್ಟ ಬಲ ದೊಡ್ಡದು. ಮಹಾರಾಷ್ಟ್ರದಲ್ಲಿ ಇದನ್ನು ನೋಡಿಕೊಳ್ಳುವ ಮಹಾರೇರಾ 2017ರಿಂದ ಇದೆ. ಬಿಲ್ಡರನ ಯೋಜನೆಗೆ ಮಹಾರೇರಾ ನೋಂದಣಿ ಸಂಖ್ಯೆ ಇರಬೇಕು. 2023ರ ಆಗಸ್ಟಿನಿಂದ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಕೂಡ ಕಡ್ಡಾಯ. ಮೊಬೈಲಿನಲ್ಲಿ ಅದನ್ನು ತೆರೆದರೆ ಕಟ್ಟಡದ ಅನುಮತಿ, ಮುಗಿಸಬೇಕಾದ ದಿನಾಂಕ ಎಲ್ಲವೂ ಕಾಣುತ್ತವೆ. ಬೆಲೆ ಕಾರ್ಪೆಟ್ ಏರಿಯಾದ ಮೇಲೆಯೇ ಇರಬೇಕು. ಲಿಫ್ಟು, ಮೆಟ್ಟಲು ಸೇರಿಸಿ ಹಿಗ್ಗಿಸಿದ ಅಳತೆಯ ಮೇಲಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಕೇಳಬಹುದು, ಬೇಡವೆಂದರೆ ಬಡ್ಡಿಸಹಿತ ಹಣ ಹಿಂದೆ ಕೇಳಬಹುದು. ಪೊಸೆಶನ್ ಸಿಕ್ಕಿ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ಖರ್ಚಿಲ್ಲದೆ ಸರಿಪಡಿಸಬೇಕು.

ಹಳೆಯ ಮನೆ ಕೊಳ್ಳುವವರಿಗೆ ಎರಡು ಮಾತು. ಮೊದಲಿನಿಂದ ಇಂದಿನವರೆಗಿನ ಎಲ್ಲ ಅಗ್ರಿಮೆಂಟುಗಳ ಸರಪಳಿ, ಶೇರ್ ಸರ್ಟಿಫಿಕೇಟು, ಕಟ್ಟಡದ ಓ.ಸಿ. ಮತ್ತು ಸೊಸೈಟಿಯ ಬಾಕಿ ಇಲ್ಲವೆಂಬ ಪತ್ರ ನೋಡಿಯೇ ಮುಂದುವರಿಯಿರಿ. ಸೊಸೈಟಿ ಕೇಳುವ ಟ್ರಾನ್ಸ್‌ಫರ್ ಪ್ರೀಮಿಯಂಗೆ ನಗರಗಳಲ್ಲಿ 25,000 ರೂಪಾಯಿ ಮಿತಿಯಿದೆ. ‘ದೇಣಿಗೆ’ಯ ಹೆಸರಿನಲ್ಲಿ ಹೆಚ್ಚು ಕೇಳುವಂತಿಲ್ಲ.

ಕೊನೆಯದಾಗಿ

ನಮ್ಮ ಕೊರತೆ ಹೇಗೆ ತುಂಬಿತೆಂದು ಕೇಳುತ್ತೀರಾ? ಸೊಸೆಯ ಹೆಸರಿನಿಂದ 70,000 ಉಳಿಯಿತು. ಮಗನ ಪ್ರಾವಿಡೆಂಟ್ ಫಂಡಿನಿಂದ ಮೂರೂವರೆ ಲಕ್ಷ ಬಂತು. ಮನೆ ಕೊಳ್ಳಲು ಅದರಿಂದ ತೆಗೆಯಲು ಅವಕಾಶವಿದೆ. ಇವರ ಐದು ಲಕ್ಷ. ಹೊಸ ಅಡಿಗೆಮನೆಯ ಕಪಾಟುಗಳ ಆಸೆಯನ್ನು ಸೊಸೆ ಎರಡು ವರ್ಷ ಮುಂದೆ ಹಾಕಿದಳು. ನನ್ನ ಹಳೆಯ ಸ್ಟೀಲಿನ ರ‍್ಯಾಕು ಅಲ್ಲಿಗೆ ಹೋಗಲಿದೆ.

ಮನೆ ಹುಡುಕುವ ಮಕ್ಕಳಿಗೆ ನನ್ನ ಬಿನ್ನಹ ಇಷ್ಟೇ. ಟೋಕನ್ ಕೊಡುವ ಮೊದಲು ಒಂದು ಹಾಳೆಯಲ್ಲಿ ಬೆಲೆಯನ್ನು ಬರೆಯಿರಿ, ಕೆಳಗೆ ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್, ಜಿ.ಎಸ್.ಟಿ., ಇತರ ಖರ್ಚುಗಳನ್ನು ಬರೆಯಿರಿ. ಅದರಿಂದ ಬ್ಯಾಂಕು ಕೊಡುವುದನ್ನು ಕಳೆಯಿರಿ. ಉಳಿದ ಮೊತ್ತ ಕೈಯಲ್ಲಿದೆಯೇ, ಅಥವಾ ಬರುವ ದಾರಿ ಗೊತ್ತಿದೆಯೇ? ಇದ್ದರೆ ಮುಂದೆ ಹೋಗಿ. ಇಲ್ಲದಿದ್ದರೆ ಇನ್ನೂ ಒಂದು ವರ್ಷ ಕೂಡಿಡಿ, ನಾಚಿಕೆಯೇನಿಲ್ಲ. ದರಗಳು ಬಜೆಟ್ಟಿನ ಜೊತೆ ಬದಲಾಗುವುದುಂಟು. ಸಹಿ ಹಾಕುವ ವಾರ ಇನ್ನೊಮ್ಮೆ ವಿಚಾರಿಸಿ. ಡೊಮಿಸೈಲ್ ಸರ್ಟಿಫಿಕೇಟನ್ನಂತೂ ಮನೆ ಬೇಕಾಗಲಿ ಬೇಡವಾಗಲಿ ಈಗಲೇ ಮಾಡಿಸಿಡಿ. ಸಂಘದ ಕಚೇರಿಯಲ್ಲಿ ಒಂದು ಭಾನುವಾರ ನಮ್ಮ ಬಳಗದ ವಕೀಲರು, ಸಿ.ಎ.ಗಳು ಕುಳಿತು ಇಂತಹ ಪ್ರಶ್ನೆಗಳಿಗೆ ಉತ್ತರಿಸಿದರೆ ಎಷ್ಟೋ ಕುಟುಂಬಗಳಿಗೆ ಉಪಕಾರವಾದೀತು. ನನ್ನ ಲೆಕ್ಕದ ಪುಸ್ತಕವನ್ನು ನಾನೂ ತರುತ್ತೇನೆ.

ಇನ್ನು, ನಮ್ಮ ಡೊಂಬಿವಲಿಯ ಮನೆ. ಹೆಂಡತಿಯನ್ನು ಸೊಸೈಟಿಯಲ್ಲಿ ಅಸೋಸಿಯೇಟ್ ಮೆಂಬರ್ ಮಾಡಿಕೊಳ್ಳಲು ಗಂಡ ಒಂದು ಅರ್ಜಿ ಕೊಟ್ಟರೆ ಸಾಕು. ಆ ಫಾರಂ ಎರಡು ತಿಂಗಳಿಂದ ನಮ್ಮ ಟಿ.ವಿ.ಯ ಪಕ್ಕದಲ್ಲಿದೆ. ಈ ಲೇಖನ ಅಚ್ಚಾಗುವ ಹೊತ್ತಿಗೆ ಅದಕ್ಕೆ ಸಹಿ ಬಿದ್ದಿರುತ್ತದೆ ಎಂದು ನಂಬಿದ್ದೇನೆ. ಏಕೆಂದರೆ ಈ ಪತ್ರಿಕೆಯನ್ನು ಅವರೂ ಓದುತ್ತಾರೆ!